ಹದಿನೆಂಟು ದಿನ ಬಚ್ಚಿಟ್ಟ ಫಲಿತಾಂಶ

ರೇವಣಸಿದ್ದ ಮೇಷ್ಟ್ರು ದೇವಿಕಾಳನ್ನು ಮೊದಲು ಕಂಡದ್ದು ಗಾದಿಗನೂರಿನ ಪ್ರೌಢಶಾಲೆಗೆ ವರ್ಗವಾಗಿ ಬಂದ ಎರಡನೆಯ ದಿನ. ಎಂಟನೆಯ ತರಗತಿಯ ಹಾಜರಿ ಕರೆದು, ಹಲಗೆಯ ಮೇಲೆ ಪಾಠದ ಹೆಸರು ಬರೆಯುತ್ತಿದ್ದಾಗ ಬಾಗಿಲಿಗೆ ಒಬ್ಬ ಹುಡುಗಿ ಓಡಿ ಬಂದು ನಿಂತಳು. ಅದಿರಿನ ಲಾರಿಗಳ ಕೆಂಪು ಧೂಳು ಅವಳ ಹುಬ್ಬಿನ ಮೇಲೂ ಕೂತಿತ್ತು. ಉಸಿರು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

“ಯಾಕಮ್ಮಾ ತಡ?” ಎಂದರು ಮೇಷ್ಟ್ರು.

ಎರಡನೆಯ ಬೆಂಚಿನಿಂದ ಇನ್ನೊಬ್ಬಳು ಎದ್ದು ನಿಂತಳು.

“ಸರ, ಅಕಿ ಹೊಸಪೇಟಿಂದ ಬರ್ತಾಳ್ರಿ. ಅವರವ್ವಗ ಆಪರೇಷನ್ ಆಗೇತಿ, ಅದಕ್ಕ ಅತ್ತಿ ಮನ್ಯಾಗ ಇರ್ತಾಳ. ಬಸ್ಸು ಸಿಕ್ಕಿಲ್ರಿ.”

“ಬಸ್ಸು ಸಿಕ್ಕಿಲ್ಲಂತ ನಿನಗ ಹ್ಯಾಂಗ ಗೊತ್ತು?”

“ಸಿಕ್ಕಿದ್ರ ಲಗೂನ ಬರ್ತಿದ್ಲಲ್ರಿ!”

ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ತಡವಾಗಿ ಬಂದವಳು ದೇವಿಕಾ. ಅವಳ ಪರವಾಗಿ ವಾದಿಸಿದವಳು ಗಂಗೋತ್ರಿ. ತನ್ನ ಪಕ್ಕದಲ್ಲಿ ಪುಸ್ತಕದ ಚೀಲವಿಟ್ಟು ಅವಳು ಗೆಳತಿಗೆ ಜಾಗ ಹಿಡಿದಿದ್ದಳು. ಹೀಗೆ ಏಳು ತಿಂಗಳು ನಡೆಯಿತು. ತಾಯಿ ಚೇತರಿಸಿಕೊಂಡ ಮೇಲೆ ದೇವಿಕಾ ಊರಿಗೆ ಮರಳಿದಳು.

ಒಂದನೆಯ ತರಗತಿಯಿಂದ ಹತ್ತರವರೆಗೂ ಇಬ್ಬರದೂ ಒಂದೇ ಬೆಂಚು. ಪಿ.ಯು.ಸಿ.ಗೆ ಹೊಸಪೇಟೆಯ ಕಾಲೇಜಿಗೂ ಜೊತೆಯಾಗಿಯೇ ಹೋದರು. ಅಲ್ಲಿ ಅವರ ಜೊತೆಗೆ ಸೇರಿದವನು ಅದೇ ಊರಿನ ಯಲ್ಲೇಶ್. ಮೂವರಿಗೂ ಡಾಕ್ಟರಾಗುವ ಹಂಬಲ. ಮೂವರೂ ಸೇರಿ ಫೋನಿನಲ್ಲಿ ‘ಬಿಳಿ ಕೋಟು’ ಎಂಬ ಹೆಸರಿನ ಒಂದು ಗುಂಪು ಮಾಡಿಕೊಂಡಿದ್ದರು. ಬಿಡಿಸಲಾಗದ ಲೆಕ್ಕಗಳನ್ನು ಅದರಲ್ಲಿ ಹಾಕಿ ಒಬ್ಬರಿಗೊಬ್ಬರು ಬೈದಾಡುತ್ತಿದ್ದರು. ಪಿ.ಯು.ಸಿ. ಮುಗಿಯುತ್ತಲೇ ಮೂವರೂ ನೀಟ್ ಪರೀಕ್ಷೆ ಬರೆದರು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಆಗ ದೇವಿಕಾಳ ತಂದೆ ಗಾದಿಲಿಂಗಪ್ಪ ಸಂಡೂರಿನ ಗಣಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮನೆಯಲ್ಲಿದ್ದವರು ದೇವಿಕಾ ಮತ್ತು ಅವಳ ತಾಯಿ ಹುಲಿಗೆಮ್ಮ. ಅಂಕಗಳನ್ನು ಮೂರು ಸಲ ನೋಡಿದ ಮೇಲೆಯೇ ದೇವಿಕಾಳಿಗೆ ನಂಬಿಕೆ ಬಂತು. ಸರಕಾರಿ ಸೀಟು ಬಹುತೇಕ ಖಚಿತವಾಗಿತ್ತು.

ಹುಲಿಗೆಮ್ಮ ಮಗಳ ಗಲ್ಲ ಹಿಡಿದು ಅತ್ತಳು. ಮರುಗಳಿಗೆಯೇ ಎದ್ದು ಬಾಗಿಲು ಮುಂದೆ ಮಾಡಿದಳು. ಹತ್ತನೆಯ ತರಗತಿಯಲ್ಲಿ ಮಗಳು ಶಾಲೆಗೆ ಮೊದಲಿಗಳಾಗಿ ಪತ್ರಿಕೆಯಲ್ಲಿ ಫೋಟೊ ಬಂದಿತ್ತು. ಅದಾದ ಎಂಟನೆಯ ದಿನಕ್ಕೆ ಕಾಮಾಲೆ ಹಿಡಿದು ತಿಂಗಳು ಮಲಗಿದ್ದಳು. ಜನರ ಕಣ್ಣು ತಾಗಿಯೇ ಹಾಗಾಯಿತೆಂದು ಹುಲಿಗೆಮ್ಮನ ಖಚಿತ ನಂಬಿಕೆ.

“ಸೀಟು ಕೈಗೆ ಬರೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಆಗಿಲ್ಲ ಅಂತ ಹೇಳಿಬಿಡು.”

“ಗಂಗಿಗೂ?”

“ಅಕಿಗೇ ಮೊದಲು ಹೇಳಬ್ಯಾಡ. ಅಕಿ ಕೆಟ್ಟಾಕಿ ಅಂತಲ್ಲ. ಅಕೀದು ಆಗಿಲ್ಲ ಅಂದ್ರ, ಒಳಗಿಂದ ಒಂದು ನಿಟ್ಟುಸಿರು ಬಂದೇ ಬರ್ತೈತಿ. ಅಷ್ಟು ಸಾಕು.”

ಮಾತು ಮುಗಿಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗಂಗೋತ್ರಿ ಬಂದಳು. ಅವಳ ಕಣ್ಣು ಕೆಂಪಾಗಿದ್ದವು. ಹದಿನಾಲ್ಕು ಅಂಕಗಳಿಂದ ಅವಳ ಆಸೆ ಮುರಿದು ಬಿದ್ದಿತ್ತು.

“ನಂದು ಹೋತಲೇ ದೇವಿ. ನಿಂದು?”

ದೇವಿಕಾ ತಾಯಿಯ ಕಡೆ ನೋಡಿದಳು. ತಾಯಿ ಮೊರದಲ್ಲಿದ್ದ ಅಕ್ಕಿಯ ಕಡೆ ನೋಡುತ್ತಿದ್ದಳು.

“ನಂದೂ ಆಗಿಲ್ಲ.”

ಹೇಳಿದ ಕೂಡಲೇ ಅವಳಿಗೆ ಅಳು ಒತ್ತರಿಸಿ ಬಂತು. ಅದು ನಾಚಿಕೆಯ ಅಳು. ಗಂಗೋತ್ರಿ ಅದನ್ನು ಸೋಲಿನ ದುಃಖವೆಂದು ತಿಳಿದಳು. ತನ್ನ ಕಣ್ಣೊರೆಸಿಕೊಳ್ಳುವುದನ್ನು ಬಿಟ್ಟು, ದಾವಣಿಯ ತುದಿಯಿಂದ ಗೆಳತಿಯ ಮುಖ ಒರೆಸಿದಳು.

“ಅಳಬ್ಯಾಡಲೇ ಹುಚ್ಚಿ. ಮುಂದಿನ ವರ್ಷ ಇಬ್ರೂ ಕೂಡೇ ಬರಿಯೋಣು. ಹತ್ತನೆತ್ತಾ ತನಕ ಕೂಡೇ ಕುಂತೀವಿ, ಇನ್ನೊಂದು ವರ್ಷ ಕುಂದ್ರಾಕ ಏನು ಧಾಡಿ?”

ಆ ವಾರವೇ ಗಂಗೋತ್ರಿ ಹೊಸಪೇಟೆಗೆ ಹೋಗಿ, ಮರುಪರೀಕ್ಷೆ ಬರೆಯುವವರ ತರಬೇತಿ ಕೇಂದ್ರದಲ್ಲಿ ವಿಚಾರಿಸಿ, ಎರಡು ಅರ್ಜಿಗಳನ್ನು ತಂದಳು. ಒಂದರಲ್ಲಿ ತನ್ನ ಹೆಸರು, ಇನ್ನೊಂದರಲ್ಲಿ ದೇವಿಕಾಳ ಹೆಸರು. ಎರಡನ್ನೂ ಮುದ್ದಾದ ಅಕ್ಷರಗಳಲ್ಲಿ ತಾನೇ ತುಂಬಿದಳು. ದೇವಿಕಾಳ ಹಳೆಯ ಫೋಟೊವನ್ನು ತನ್ನ ಪುಸ್ತಕದಿಂದಲೇ ಹುಡುಕಿ ತೆಗೆದು ಅಂಟಿಸಿದಳು. “ಇಲ್ಲಿ ಸಹಿ ಮಾಡು” ಎಂದಳು. ದೇವಿಕಾ ಸಹಿ ಮಾಡಿದಳು. ಆ ದಿನದಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಇಂದು ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಲೇ ಫಲಿತಾಂಶ ಬಂದು ಹದಿನೆಂಟು ದಿನ ಕಳೆದವು.

ಆದರೆ ಹೆಂಡತಿ ಫೋನಿನಲ್ಲಿ ಹೇಳಿದ್ದ ಸುದ್ದಿ ಗಾದಿಲಿಂಗಪ್ಪನ ಹೊಟ್ಟೆಯಲ್ಲಿ ಉಳಿಯಲಿಲ್ಲ. ಗಣಿಯ ಚಹಾದಂಗಡಿಯಲ್ಲಿ ಜೊತೆಯ ಚಾಲಕರ ಮುಂದೆ ಒಂದು ಮಾತು ಆಡಿಬಿಟ್ಟ. ಅವರು ಹಿರಿಹಿರಿ ಹಿಗ್ಗಿದರು. ಮರುದಿನ ಬೆಳಿಗ್ಗೆ ಗಾದಿಗನೂರು ಕ್ರಾಸಿನಲ್ಲಿ, ಎರಡು ಕಂಬಗಳ ನಡುವೆ, ಎಂಟು ಅಡಿ ಎತ್ತರದ ಫ್ಲೆಕ್ಸ್ ಎದ್ದು ನಿಂತಿತ್ತು. ಫ್ಲೆಕ್ಸ್ ಅಂಗಡಿಯವನು ದೇವಿಕಾಳ ಮುಖಕ್ಕೆ ಯಾರದೋ ಬಿಳಿ ಕೋಟು ತೊಡಿಸಿ, ಕೊರಳಿಗೆ ಸ್ಟೆತಾಸ್ಕೋಪ್ ಹಾಕಿದ್ದ. ‘ನಮ್ಮೂರ ಹೆಮ್ಮೆಯ ಮಗಳು ಡಾ|| ದೇವಿಕಾ’ ಎಂದು ಬರೆದು, ಕೆಳಗೆ ಹನ್ನೊಂದು ಚಾಲಕರ ಫೋಟೊಗಳನ್ನು ಸಾಲಾಗಿ ಹಾಕಿದ್ದರು.

ಆ ಫ್ಲೆಕ್ಸಿನ ನೇರ ಎದುರಿಗೆ ಗಂಗೋತ್ರಿಯ ತಾಯಿ ದುರ್ಗಕ್ಕನ ಮಿರ್ಚಿ ಮಂಡಕ್ಕಿಯ ತಳ್ಳುಗಾಡಿ. ಸಂಜೆಯ ಹೊತ್ತು ಮಂಡಕ್ಕಿಗೆ ಒಗ್ಗರಣೆ ಹಾಕಿ ಕಲಸಿ ಕೊಡುವವಳು ಗಂಗೋತ್ರಿಯೇ. ಇನ್ನು ಪ್ರತಿ ಸಂಜೆಯೂ ಅವಳು ಮುಖ ಎತ್ತಿದರೆ ದೇವಿಕಾ ಕಾಣಬೇಕು.

ದೇವಿಕಾ ಗಾಡಿಯ ಹತ್ತಿರ ಓಡಿ ಹೋದಳು. ಗಂಗೋತ್ರಿ ಈರುಳ್ಳಿ ಹೆಚ್ಚುತ್ತಿದ್ದಳು. ಸುತ್ತ ನಾಲ್ಕು ಗಿರಾಕಿಗಳು ನಿಂತಿದ್ದರು.

“ಗಂಗೀ, ಅವ್ವ ಹೇಳಬ್ಯಾಡ ಅಂದಿದ್ಲು...”

“ಏನ್ ಕೊಡ್ಲಿ ಡಾಕ್ಟರಮ್ಮಾರ? ಮಿರ್ಚಿ ಎಷ್ಟು?” ಎಂದಳು ಗಂಗೋತ್ರಿ. ಚಾಕು ನಿಲ್ಲಲಿಲ್ಲ. ಗಿರಾಕಿಯೊಬ್ಬ ನಕ್ಕು, “ನಮ್ಮ ಎಮ್ಮಿ ಹಾಲು ಕೊಡೋದು ಬಿಟ್ಟೈತಿ, ಒಂದು ಸೂಜಿ ಹಾಕ್ರಿ ಡಾಕ್ಟರ” ಎಂದ. ಎಲ್ಲರೂ ನಕ್ಕರು. ಗಂಗೋತ್ರಿ ನಗಲಿಲ್ಲ. ದೇವಿಕಾ ಬಂದ ದಾರಿಯಲ್ಲೇ ಹಿಂದಿರುಗಿದಳು.

‘ಬಿಳಿ ಕೋಟು’ ಗುಂಪಿನಲ್ಲಿ ಆ ದಿನವೇ ಯಲ್ಲೇಶ್ ಬರೆದ: “ಹಳ್ಳಿ ಕೋಟಾದಾಗ ಸೀಟು ಹೊಡದವರಿಗೆ ನಮಸ್ಕಾರ. ಹೊಸಪೇಟ್ಯಾಗ ಇದ್ದು ಓದಿದವರೂ ಹಳ್ಳಿಯವರೇನು ಅಂತ ಯಾರರ ಕೇಳ್ರಿ.” ಅದಕ್ಕೆ ಗಂಗೋತ್ರಿ ಏನನ್ನೂ ಬರೆಯಲಿಲ್ಲ. ಸುಮ್ಮನೆ ಗುಂಪು ಬಿಟ್ಟು ಹೋದಳು. ಆ ಮಾತು ಯಲ್ಲೇಶನಿಗೆ ಹೇಗೆ ತಿಳಿಯಿತೆಂದು ದೇವಿಕಾ ಅವನ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಎಂಟನೆಯ ತರಗತಿಯಲ್ಲಿ ತಾನು ಅತ್ತೆಯ ಮನೆಯಲ್ಲಿದ್ದ ಸಂಗತಿಯನ್ನು ಅವನು ಬಲ್ಲವನಲ್ಲ. ಆಗ ಅವನು ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ ಓದುತ್ತಿದ್ದ.

ಮುಂದಿನದೆಲ್ಲ ಕಾಯುವಿಕೆಯ ದಿನಗಳು. ಆಗಸ್ಟಿನಲ್ಲಿ ಮೊದಲ ಸುತ್ತಿನ ಹಂಚಿಕೆ ಪ್ರಕಟವಾಗಿ ದೇವಿಕಾಳಿಗೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಸಿಕ್ಕಿತು. ಯಲ್ಲೇಶನ ಹೆಸರು ಅದೇ ಗ್ರಾಮೀಣ ಮೀಸಲಾತಿಯ ಸಾಲಿನಲ್ಲಿ, ಸೀಟು ಸಿಗದವರ ಪೈಕಿ ತೀರ ಮೇಲೆಯೇ ಇತ್ತು. ಮೇಲಿನವರೊಬ್ಬರು ಬಿಟ್ಟರೆ ಅವನಿಗೆ ದಾರಿ ತೆರೆಯುತ್ತಿತ್ತು.

ಹಂಚಿಕೆಯಾದ ನಾಲ್ಕನೆಯ ದಿನ ಮುಖ್ಯೋಪಾಧ್ಯಾಯರಿಂದ ಕರೆ ಬಂತು. ದೇವಿಕಾ ಶಾಲೆಗೆ ಹೋದಾಗ ರೇವಣಸಿದ್ದ ಮೇಷ್ಟ್ರೂ ಅಲ್ಲಿದ್ದರು. ಅವರು ನಿವೃತ್ತರಾಗಿ ಆರು ತಿಂಗಳಾಗಿತ್ತು. ಹಳೆಯ ಹಾಜರಿ ಪುಸ್ತಕ ಹುಡುಕಿಕೊಡಲು ಅವರನ್ನು ಕರೆಸಿದ್ದರು. ಶಿಕ್ಷಣ ಇಲಾಖೆಯ ಕಚೇರಿಗೆ ಸಹಿಯಿಲ್ಲದ ಒಂದು ದೂರು ಹೋಗಿತ್ತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಮಾತ್ರ ಸಲ್ಲುವ ಗ್ರಾಮೀಣ ಪ್ರಮಾಣಪತ್ರವನ್ನು ದೇವಿಕಾ ಸುಳ್ಳು ಹೇಳಿ ಪಡೆದಿದ್ದಾಳೆ; ಎಂಟನೆಯ ತರಗತಿಯನ್ನು ಅವಳು ಹೊಸಪೇಟೆಯಲ್ಲಿ ಓದಿದ್ದು, ಇಲ್ಲಿ ಹಾಜರಿಯನ್ನು ಸುಮ್ಮನೆ ಹಾಕಿಸಿಕೊಂಡಿದ್ದಾಳೆ ಎಂದು ಅದರಲ್ಲಿತ್ತು. ಕೊನೆಯ ಸಾಲು ಹೀಗಿತ್ತು: ‘ಬೇಕಾದರೆ ಅವಳ ಬೆಂಚಿನ ಗೆಳತಿ ಗಂಗೋತ್ರಿಯನ್ನೇ ಕೇಳಬಹುದು.’

ದೇವಿಕಾ ಆ ಸಾಲನ್ನು ಓದಿ ಕಾಗದವನ್ನು ಮೇಜಿನ ಮೇಲಿಟ್ಟಳು.

“ಹಾಜರಿ ಪುಸ್ತಕ ಸರಿಯಾಗೇ ಐತಮ್ಮಾ,” ಎಂದರು ಮೇಷ್ಟ್ರು. “ಆದರ ಹಾಜರೀನೇ ಸುಳ್ಳು ಅಂತ ಬರದಾರ. ಅದಕ್ಕ ಮಂಗಳವಾರ ಸಾಹೇಬರು ಬಂದು ಗಂಗೋತ್ರಿ ಹೇಳಿಕಿ ತಗೋತಾರ.”

“ಅಕಿ ಇಲ್ಲ ಅಂದ್ರ, ಸರ?”

ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು. “ವರದಿ ಬೆಂಗಳೂರಿಗೆ ಹೋಗ್ತೈತಿ. ಪ್ರಮಾಣಪತ್ರ ರದ್ದಾದ್ರ ಸೀಟು ಉಳಿಯಂಗಿಲ್ಲಮ್ಮಾ. ಆಮ್ಯಾಲ ನಿಜ ತೋರಿಸಿದರೂ ಅಷ್ಟರಾಗ ಸುತ್ತು ಮುಗದಿರ್ತೈತಿ.”

ಮನೆಗೆ ಬಂದಾಗ ಹುಲಿಗೆಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ನಾ ಹೇಳಿರಲಿಲ್ಲ? ಗೆಳತಿ ಗೆಳತಿ ಅಂತಿದ್ದಿ. ನೋಡೀಗ!” ಎಂದಳು. ಘಾಟಿಗೆ ಕೆಮ್ಮುತ್ತ ದೇವಿಕಾ ಮೊದಲ ಬಾರಿಗೆ ತಾಯಿಗೆ ಎದುರಾಡಿದಳು.

“ಯವ್ವಾ, ಅಕಿ ಕಣ್ಣು ನನಗ ತಾಗಿಲ್ಲ. ನಾನು ಹೇಳಿದ ಸುಳ್ಳು ಅಕಿಗೆ ತಾಗೇತಿ.”

ಹುಲಿಗೆಮ್ಮ ಹೊಗೆ ಹೋಗಲೆಂದು ಬಾಗಿಲು ತೆರೆದಳು.

ಆ ಭಾನುವಾರ ರೊಟ್ಟಿ ಪಂಚಮಿ. ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ಊರಿನ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳಿನ ಪಲ್ಲೆ, ಬದನೆಯ ಎಣ್ಣೆಗಾಯಿ, ಗುರೆಳ್ಳು ಚಟ್ನಿ – ಇವನ್ನು ತಟ್ಟೆಯಲ್ಲಿ ಜೋಡಿಸಿ ನೆರೆಹೊರೆಗೂ ಗೆಳೆಯರ ಮನೆಗೂ ಕೊಟ್ಟು ಬರುವುದು ವಾಡಿಕೆ. ಅಂದು ಬಾಗಿಲಿಗೆ ಬಂದ ರೊಟ್ಟಿಯನ್ನು ಯಾರೂ ಬೇಡವೆನ್ನುವುದಿಲ್ಲ. ಕೊಟ್ಟ ತಟ್ಟೆಯನ್ನು ಬರಿದಾಗಿ ತಿರುಗಿ ಕಳಿಸುವುದೂ ಇಲ್ಲ. ಪ್ರತಿ ವರ್ಷ ಗಂಗೋತ್ರಿಯ ತಟ್ಟೆ ಬೆಳಿಗ್ಗೆ ಎಂಟಕ್ಕೆಲ್ಲ ದೇವಿಕಾಳ ಮನೆಗೆ ಬರುತ್ತಿತ್ತು. ಅಂದು ಹನ್ನೊಂದಾದರೂ ಬರಲಿಲ್ಲ.

ದೇವಿಕಾ ತಾನೇ ತಟ್ಟೆ ಜೋಡಿಸಿದಳು. ಹುಲಿಗೆಮ್ಮ ನೋಡುತ್ತ ನಿಂತಿದ್ದು, ಕೊನೆಗೆ ಎರಡು ರೊಟ್ಟಿಯನ್ನು ಮೇಲೆ ಹೆಚ್ಚಿಗೆ ಇಟ್ಟಳು.

ದುರ್ಗಕ್ಕನ ಮನೆ ಮೂರು ಓಣಿಯಾಚೆ. ದೇವಿಕಾ ಬಾಗಿಲು ತಲುಪಿದಾಗ ದುರ್ಗಕ್ಕ ಒಲೆಯ ಮುಂದಿನಿಂದಲೇ ನೋಡಿದಳು.

“ಬಾರವ್ವಾ. ಹಬ್ಬದ ದಿನ ಹೊಸ್ತಿಲ ಹೊರಗ್ಯಾಕ ನಿಂತಿ? ಕುಂದ್ರು,” ಎಂದು ತಟ್ಟೆ ತೆಗೆದುಕೊಂಡಳು. ಮಗಳ ಕಡೆ ಒಮ್ಮೆ ನೋಡಿ, ನೀರು ತರುವೆನೆಂದು ಹಿತ್ತಲಿಗೆ ಹೋದಳು.

ಗಂಗೋತ್ರಿ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ರೊಟ್ಟಿ ತಂದಿದ್ದು ಹಬ್ಬಕ್ಕೋ, ಸಾಕ್ಷಿಗೋ?”

ಹಬ್ಬಕ್ಕೆ ಎನ್ನಲು ದೇವಿಕಾ ಬಾಯಿ ತೆರೆದಳು. ಇನ್ನೊಂದು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

“ಎರಡಕ್ಕೂ.”

ಗಂಗೋತ್ರಿಯ ಕೈ ನಿಂತಿತು. “ಹ್ಞೂ. ಇಷ್ಟರ ಖರೇ ಮಾತಾಡಿದಿ.”

“ದೂರು ನೀ ಬರದಿಯಾ?”

“ಬರದಿಲ್ಲ. ಯಲ್ಲೇಶ ಬರದಾನ, ನಂಗೊತ್ತು. ಆದ್ರ ಅವಂಗ ಹೇಳಿದ್ದು ನಾನ. ಫ್ಲೆಕ್ಸ್ ಹಾಕಿದ ದಿನ ಗಾಡಿ ಹತ್ರ ಬಂದಿದ್ದ. ಹೊಟ್ಟಿ ಉರೀತಿತ್ತು. ‘ಅಕಿ ಎಂಟನೆತ್ತಾದಾಗ ಹೊಸಪೇಟ್ಯಾಗ ಇದ್ಲಲ್ಲ, ಅಕಿ ಯಾವ ಹಳ್ಳಿಯಾಕಿ’ ಅಂದೆ. ಅವ ಅದನ್ನ ಹಿಡಕೊಂಡು ಹಿಂಗ ಮಾಡ್ತಾನಂತ ಗೊತ್ತಿರಲಿಲ್ಲ.” ಅವಳು ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡಳು. “ನಿಂಗ ಸೀಟು ಸಿಕ್ಕಿದ್ದಕ್ಕ ನಂಗ ಹೊಟ್ಟಿಕಿಚ್ಚು ಐತಿ. ಇಲ್ಲ ಅನ್ನಂಗಿಲ್ಲ. ಈಗೂ ಐತಿ. ಆದ್ರ ಅದು ನನ್ನ ಸಂಕಟ, ನಾ ನೋಡಿಕೋತಿದ್ದೆ. ನಾ ನಿನ್ನ ಫಾರ್ಮು ತುಂಬಿದ್ನಲ್ಲ, ಅವತ್ತರ ಹೇಳಬೇಕಿತ್ತಿಲ್ಲೋ? ಸಹಿ ಮಾಡಿದ್ಯಲ್ಲಲೇ!”

“ತಪ್ಪಾತು ಗಂಗಿ.”

“ಆತು. ತಪ್ಪಾತು ಅಂದಿ, ಕೇಳೀನಿ.”

“ಮಂಗಳವಾರ ಏನು ಹೇಳ್ತಿ?”

“ಅದನ್ನ ಈಗ ಹೇಳಂಗಿಲ್ಲ. ಹದಿನೆಂಟು ದಿನ ನಾ ಏನೂ ತಿಳೀದ ಕುಂತಿದ್ದೆ. ನೀ ಎರಡು ದಿನ ಕುಂದ್ರು.”

ಅಷ್ಟರಲ್ಲಿ ದುರ್ಗಕ್ಕ ಬಂದು ತಟ್ಟೆಯಲ್ಲಿ ತಮ್ಮ ರೊಟ್ಟಿ, ಪುಂಡಿ ಪಲ್ಲೆ ಇಟ್ಟು ದೇವಿಕಾಳ ಕೈಗೆ ಕೊಟ್ಟಳು. ಗಂಗೋತ್ರಿ ಮತ್ತೆ ಹಿಟ್ಟು ನಾದತೊಡಗಿದಳು.

ಆ ಎರಡು ದಿನ ಹೇಗೆ ಕಳೆದವೆಂದು ದೇವಿಕಾಳಿಗೆ ಇಂದಿಗೂ ಸರಿಯಾಗಿ ನೆನಪಿಲ್ಲ. ನಾಗಪ್ಪನಿಗೆ ಹಾಲೆರೆಯುವಾಗ ತಂಬಿಗೆಯ ಹಾಲನ್ನೆಲ್ಲ ಒಂದೇ ಸಲಕ್ಕೆ ಸುರಿದದ್ದು ನೆನಪಿದೆ. ತಂದೆ ಗಣಿಗೆ ಹೋಗದೆ ಕಟ್ಟೆಯ ಮೇಲೆ ಕೂತು, ಫ್ಲೆಕ್ಸ್ ಹಾಕಿದ ಗೆಳೆಯರಿಗೆ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದದ್ದು ನೆನಪಿದೆ. ಗಂಗೋತ್ರಿ ಇದ್ದದ್ದನ್ನೇ ಹೇಳಬಹುದು. ಅಥವಾ ‘ನನಗೆ ನೆನಪಿಲ್ಲ’ ಎನ್ನಬಹುದು. ಅಷ್ಟು ಅಂದರೂ ಸೀಟು ಹೋಗುತ್ತಿತ್ತು. ಹಾಗೆ ಅನ್ನಲು ಅವಳು ಕೆಟ್ಟವಳೇ ಆಗಿರಬೇಕಿಲ್ಲ ಎಂಬುದೇ ದೇವಿಕಾಳನ್ನು ಹೆಚ್ಚು ಹೆದರಿಸಿತು.

ಮಂಗಳವಾರ ಹತ್ತೂವರೆಗೆ ಅಧಿಕಾರಿ ಜಂಬುನಾಥ್ ಬಂದರು. ದೇವಿಕಾಳನ್ನು ಹೊರಗೆ ಜಗುಲಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ರೇವಣಸಿದ್ದ ಮೇಷ್ಟ್ರು ಕೊಡೆಯ ಹಿಡಿಕೆಯ ಮೇಲೆ ಗದ್ದವಿಟ್ಟು ಕೂತಿದ್ದರು. ಗಂಗೋತ್ರಿ ತಾಯಿಯ ಜೊತೆ ಬಂದಳು. ಹಸಿರು ಚೂಡಿದಾರ ತೊಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದಳು. ಅವರ ಕಡೆ ನೋಡದೆ ಒಳಗೆ ಹೋದಳು. ಕಿಟಕಿಯ ಒಂದು ಕದ ತೆರೆದೇ ಇತ್ತು.

“ದೇವಿಕಾ ಎಂಟನೆಯ ತರಗತಿಯಲ್ಲಿ ಎಲ್ಲಿ ಇದ್ದರು?” ಎಂದು ಅಧಿಕಾರಿಯ ದನಿ ಕೇಳಿಸಿತು.

“ಹೊಸಪೇಟ್ಯಾಗ ಇದ್ಲು ರೀ.”

ಮೇಷ್ಟ್ರು ಕೊಡೆಯ ಮೇಲಿಂದ ಗದ್ದ ಎತ್ತಿದರು.

“ಏಳು ತಿಂಗಳು ಅವರ ಅತ್ತಿ ಮನ್ಯಾಗ ಇದ್ಲು. ಓದಿದ್ದು ಇಲ್ಲೇ ರೀ. ದಿನಾ ಬಸ್ಸಿಗೆ ಬರ್ತಿದ್ಲು. ದಿನಾ ತಡಾ ಮಾಡ್ತಿದ್ಲು. ಅಕಿ ಬರೋ ತನಕ ನಾನೇ ಚೀಲ ಇಟ್ಟು ಜಾಗ ಕಾಯ್ತಿದ್ದೆ, ಅದಕ್ಕ ಹುಡುಗರ ಕೂಡ ಜಗಳಾನೂ ಆಡೀನಿ. ಹಾಜರಿ ಸುಮ್ನ ಹಾಕಿಸಿಕೊಂಡಿಲ್ರಿ. ಬಂದೇ ಹಾಕಿಸಿಕೊಂಡಾಳ.”

“ನಿಮಗೆ ಅವರ ಮೇಲೆ ಏನಾದರೂ ಸಿಟ್ಟು ಇದೆಯೇ?”

“ಐತ್ರಿ. ಬೇಕಾದ್ರ ಅದನ್ನೂ ಬರಕೊಳ್ರಿ.”

ಒಳಗೆ ಯಾರೋ ನಕ್ಕರು. ಆಮೇಲೆ ಕಾಗದ ಸರಿಸುವ ಸದ್ದು. ಗಂಗೋತ್ರಿ ಸಹಿ ಮಾಡಿ ಹೊರಗೆ ಬಂದಳು. ದೇವಿಕಾ ಎದ್ದು ನಿಂತು ಅವಳ ಕೈ ಹಿಡಿಯಲು ಹೋದಳು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

“ನಿನ್ನ ಸಲುವಾಗಿ ಹೇಳಿಲ್ಲ. ಇದ್ದಿದ್ದು ಹೇಳೀನಿ,” ಎಂದು ಮೆಟ್ಟಿಲಿಳಿದು ಹೋದಳು. ದುರ್ಗಕ್ಕ ಮಾತ್ರ ಹಿಂದೆ ಉಳಿದು, ದೇವಿಕಾಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಮಗಳ ಹಿಂದೆ ನಡೆದಳು.

ಪ್ರಮಾಣಪತ್ರ ಉಳಿಯಿತು. ವಾರದೊಳಗೆ ದೇವಿಕಾ ಬಳ್ಳಾರಿಯ ಕಾಲೇಜಿಗೆ ಸೇರಿದಳು. ಕೊನೆಯ ಸುತ್ತಿನಲ್ಲಿ ಯಲ್ಲೇಶನಿಗೆ ಬೇರೆ ಊರಿನಲ್ಲಿ ದಂತವೈದ್ಯದ ಸೀಟು ಸಿಕ್ಕಿತು. ಅವನು ಎದುರಾದರೆ ಬಹಳ ವಿನಯದಿಂದ ಮಾತನಾಡಿಸುತ್ತಾನೆ. ದೇವಿಕಾ ಅಷ್ಟೇ ವಿನಯದಿಂದ ಉತ್ತರಿಸಿ ಮುಂದೆ ಹೋಗುತ್ತಾಳೆ. ಗಂಗೋತ್ರಿ ಇನ್ನೊಮ್ಮೆ ಪರೀಕ್ಷೆ ಬರೆದಳು. ಆಗಲೂ ಸೀಟು ಸಿಗಲಿಲ್ಲ. ಆ ಸಲ ದೇವಿಕಾ ಹಾಸ್ಟೆಲಿನಿಂದ ಫೋನು ಮಾಡಿದಾಗ ಅವಳು ಎತ್ತಲಿಲ್ಲ. ಆರು ತಿಂಗಳ ಮೇಲೆ, ತಾಯಿಯ ಮಂಡಿನೋವಿಗೆ ಯಾವ ಡಾಕ್ಟರಿಗೆ ತೋರಿಸಬೇಕೆಂದು ಕೇಳಿ ತಾನೇ ಫೋನು ಮಾಡಿದಳು. ಮಾತು ಎರಡು ನಿಮಿಷಕ್ಕೆ ಮುಗಿಯಿತು. ಅದರ ಮುಂದಿನದು ಹತ್ತು ನಿಮಿಷ ನಡೆಯಿತು. ಈಗ ಗಂಗೋತ್ರಿ ಹೊಸಪೇಟೆಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಸಂಜೆ ಗಾಡಿಯ ಪಕ್ಕದಲ್ಲಿ ಐದಾರು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾಳೆ.

ದೇವಿಕಾ ಮೂರನೆಯ ವರ್ಷಕ್ಕೆ ಬಂದಿದ್ದಾಳೆ. ಬೆಳಗಿನ ಹೊತ್ತು ವಾರ್ಡಿನಲ್ಲಿ ರೋಗಿಗಳ ವಿವರ ಬರೆದುಕೊಳ್ಳುವ ಕೆಲಸ. ಸಂಡೂರು, ಚೋರನೂರು, ದರೋಜಿ ಕಡೆಯ ಮುದುಕಿಯರು ಅವಳ ಮಾತು ಕೇಳಿ, “ನಮ್ಮ ಕಡೆ ಹುಡುಗಿ” ಎಂದು ಹೇಳದ ನೋವನ್ನೂ ಹೇಳಿಕೊಳ್ಳುತ್ತಾರೆ. ಅವಳು ಮನೆಯವರೊಡನೆ ಒಂದು ಕರಾರು ಮಾಡಿಕೊಂಡಿದ್ದಾಳೆ. ತನ್ನ ಸುದ್ದಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಮೊದಲು ಗಂಗೋತ್ರಿಗೆ ಹೋಗಬೇಕು, ಆಮೇಲೆ ತಾಯಿಗೆ. ಹುಲಿಗೆಮ್ಮ ಗೊಣಗುತ್ತಾಳೆ, ಒಪ್ಪಿಕೊಂಡಿದ್ದಾಳೆ.

ಕಳೆದ ವಾರ ಎರಡನೆಯ ವರ್ಷದ ಫಲಿತಾಂಶ ಬಂತು. ರೋಗಶಾಸ್ತ್ರದಲ್ಲಿ ಅವಳಿಗೆ ತರಗತಿಗೇ ಹೆಚ್ಚಿನ ಅಂಕಗಳು. ವಾರ್ಡಿನ ಬಾಗಿಲಲ್ಲಿ ನಿಂತು ಅದನ್ನು ಬರೆದಳು. ಅಳಿಸಿದಳು. ಅಂಕಗಳನ್ನು ಬಿಟ್ಟು ‘ಪಾಸಾದೆ’ ಎಂದಷ್ಟೇ ಬರೆದರೆ ಸಾಕಲ್ಲವೇ ಎಂದು ಯೋಚಿಸಿದಳು. ಹಾಗೆ ಬರೆದರೆ ಅದೂ ಬಚ್ಚಿಟ್ಟಂತೆಯೇ ಎನಿಸಿ, ಇದ್ದ ಅಂಕಗಳನ್ನೇ ಮತ್ತೆ ಬರೆದು ಕಳಿಸಿದಳು. ಗಂಗೋತ್ರಿ ಅದನ್ನು ನೋಡಿದ ಗುರುತು ಕೂಡಲೇ ಬಂತು. ಉತ್ತರ ಬರಲಿಲ್ಲ. ದೇವಿಕಾ ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹನ್ನೆರಡನೆಯ ಹಾಸಿಗೆಯ ಅಜ್ಜಿಯ ರಕ್ತದೊತ್ತಡ ನೋಡಲು ಪಟ್ಟಿ ಕಟ್ಟತೊಡಗಿದಳು.